ಅಲೆ ಎಷ್ಟು ಮೀಟರ್ ಇದ್ರೆ ಡೆಕ್ ಮೇಲೆ ಹೋಗೋದು ಸೇಫ್?

ಹೊಸದಾಗಿ ಹಡಗು ಹತ್ತಿದೀನಿ, ಎಷ್ಟು ಮೀಟರ್ ಅಲೆವರೆಗೆ ಡೆಕ್ ಮೇಲೆ ಕೆಲಸ ಮಾಡಬಹುದು, ಅದಕ್ಕೆ ಯಾವ ವೆದರ್ ಆಪ್ ನಂಬಬೇಕು ಅಂತ ಕೇಳಿದೀರ. ನಾನೂ ಇಂಥದ್ದೇ ಒಂದು ನಂಬರ್ ತಲೇಲಿ ಇಟ್ಕೊಂಡಿದ್ದೆ, 4 ಮೀಟರ್. ಆ ನಂಬರ್ ನಂಬಿ ಒಬ್ಬ ಬೋಸನ್‌ನ (ಡೆಕ್ ಕೆಲಸಗಾರರ ಮುಖ್ಯಸ್ಥ) ಹಡಗಿನ ಮುಂದಕ್ಕೆ ಕಳಿಸಿದವನು ನಾನೇ.

ಆಗ ನಾನು ಚೀಫ್ ಆಫೀಸರ್, ಕ್ಯಾಪ್ಟನ್ ನಂತರದವನು. ಬಲ್ಕ್ ಕ್ಯಾರಿಯರ್ (ಕಲ್ಲಿದ್ದಲು, ಅದಿರು ಥರದ ಸರಕು ಸುರಿದು ಸಾಗಿಸೋ ಹಡಗು), ಫುಲ್ ಲೋಡ್, ಅಂದ್ರೆ ಡೆಕ್ ನೀರಿಗೆ ಹತ್ರ. ರಾತ್ರಿಯೆಲ್ಲ ಫೋಕ್ಸಲ್ (ಹಡಗಿನ ಮೂತಿಯ ಡೆಕ್) ಕಡೆಯಿಂದ ಕಬ್ಬಿಣ ಬಡಿಯೋ ಸದ್ದು ಬರ್ತಿತ್ತು, ಬೆಳಕಾದ ಮೇಲೆ ಬೈನಾಕ್ಯುಲರ್‌ನಲ್ಲಿ ನೋಡಿದ್ರೆ ಅಲ್ಲಿನ ಬೋಸನ್ ಸ್ಟೋರ್, ಅಂದ್ರೆ ಸಾಮಾನು ಕೋಣೆಯ ಬಾಗಿಲು ಸರಿಯಾಗಿ ಬಿಗಿದಿಲ್ಲ, ಹಡಗು ಮುಗ್ಗರಿಸಿದಾಗೆಲ್ಲ ಒಂದು ಮೂಲೆ ಎದ್ದು ಬಡೀತಿದೆ. ಹಾಗೇ ಬಿಡೋ ವಿಷಯ ಅಲ್ಲ ಅದು. 1980ರಲ್ಲಿ ಡರ್ಬಿಶೈರ್ ಅನ್ನೋ ದೊಡ್ಡ ಹಡಗು ಜಪಾನ್ ಹತ್ರ ಟೈಫೂನ್‌ಗೆ ಸಿಕ್ಕಿ 44 ಜನರ ಸಮೇತ ಮುಳುಗಿತು, ಮುಂಭಾಗದ ವೆಂಟಿಲೇಟರ್, ಏರ್ ಪೈಪ್‌ಗಳು ಕಿತ್ತು ಹೋಗಿ ಅಲ್ಲಿಂದ ನೀರು ಒಳಗೆ ಇಳಿದು ಮೂತಿ ತಗ್ಗಿದ್ದೇ ಶುರು ಅಂತ ಆಮೇಲಿನ ತನಿಖೆ ಹೇಳ್ತು. ಹಾಗಾಗಿ ಬಾಗಿಲು ಬಿಗೀಬೇಕು ಅನ್ನೋದು ಸರಿಯಾಗೇ ಇತ್ತು. ತಪ್ಪಾಗಿದ್ದು ಯಾವಾಗ, ಹೇಗೆ ಅನ್ನೋದ್ರಲ್ಲಿ.

ಫೋರ್‌ಕಾಸ್ಟ್‌ನಲ್ಲಿ 4 ಮೀಟರ್ ಅಂತ ಇತ್ತು. ನಾನು ಅದನ್ನ ಓದಿಕೊಂಡಿದ್ದು ‘ಇದಕ್ಕಿಂತ ದೊಡ್ಡ ಅಲೆ ಬರಲ್ಲ’ ಅಂತ. ಪರೀಕ್ಷೆಗೆ ಓದಿದ್ದೆ, ಕೇಳಿದ್ರೆ ಡೆಫಿನಿಷನ್ ಒಪ್ಪಿಸ್ತಿದ್ದೆ, ಆದ್ರೆ ಕೆಲಸದ ಹೊತ್ತಲ್ಲಿ ತಲೆಗೆ ಬರ್ಲಿಲ್ಲ. ಆ ನಂಬರ್ ಸಿಗ್ನಿಫಿಕೆಂಟ್ ವೇವ್ ಹೈಟ್, ಅಂದ್ರೆ ಬರೋ ಅಲೆಗಳಲ್ಲಿ ಎತ್ತರದ ಮೂರನೇ ಒಂದು ಭಾಗ ತಗೊಂಡು ಅವುಗಳದ್ದು ಸರಾಸರಿ. ಸರಾಸರಿ ಅಂದ್ಮೇಲೆ ಅದಕ್ಕಿಂತ ದೊಡ್ಡವು ಇದ್ದೇ ಇರ್ತವೆ. ಎಂಟು ಸೆಕೆಂಡಿಗೆ ಒಂದು ಅಲೆ ಅಂತ ಇಟ್ಕೊಳ್ಳಿ, ಮೂರು ಗಂಟೇಲಿ 1350 ಅಲೆ ಹಾಯುತ್ತೆ, ಅದರಲ್ಲಿ ಒಂದಾದ್ರೂ ಆ ನಂಬರಿನ ಹತ್ರಹತ್ರ ಎರಡರಷ್ಟು ಇರೋದು ಮಾಮೂಲಿ ಲೆಕ್ಕ, ಅಪರೂಪದ ಘಟನೆ ಏನಲ್ಲ. 4 ಅಂದ್ರೆ ಏಳೂವರೆ. 1995ರ ಜನವರಿ 1ಕ್ಕೆ ಉತ್ತರ ಸಮುದ್ರದ ಡ್ರಾಪ್ನರ್ ಪ್ಲಾಟ್‌ಫಾರ್ಮ್‌ನಲ್ಲಿ ಸಿಗ್ನಿಫಿಕೆಂಟ್ ವೇವ್ ಹೈಟ್ ಸುಮಾರು 12 ಮೀಟರ್ ಇದ್ದಾಗ 25 ಮೀಟರ್ ದಾಟಿದ ಅಲೆ ಅಳತೆಗೇ ಸಿಕ್ಕಿದೆ.

ಇನ್ನೊಂದು, ನಾನು ಬ್ರಿಜ್‌ನಲ್ಲಿ (ಹಡಗು ನಡೆಸೋ ಎತ್ತರದ ಕೋಣೆ) ನಿಂತು ಇಪ್ಪತ್ತು ನಿಮಿಷ ನೋಡಿದೆ, ಡೆಕ್ ಮೇಲೆ ಸ್ಪ್ರೇ ಬಿಟ್ರೆ ನೀರು ಬರ್ಲಿಲ್ಲ, ‘ನೋಡಿ, ಏನೂ ಇಲ್ಲ’ ಅಂತ ಕ್ಯಾಪ್ಟನ್‌ಗೆ ಹೇಳಿದೆ. ಇಪ್ಪತ್ತು ನಿಮಿಷ ಅಂದ್ರೆ 150 ಅಲೆ ಅಷ್ಟೇ. ಅದೂ ಅಷ್ಟು ಎತ್ತರದಿಂದ ನೋಡಿದ್ರೆ ಅಲೆ ಚಿಕ್ಕದಾಗೇ ಕಾಣುತ್ತೆ. ದೊಡ್ಡ ಅಲೆಗಳು ಗುಂಪಾಗಿ ಬರ್ತವೆ, ಮಧ್ಯೆ ಸಮುದ್ರ ಸುಮ್ಮನಿದ್ದ ಹಾಗೆ ಇರುತ್ತೆ, ನಾನು ನೋಡಿದ್ದು ಆ ಮಧ್ಯದ್ದು. ಸ್ಪೀಡ್ ಇಳಿಸ್ಲಿಲ್ಲ, ಕೋರ್ಸ್ ಬದಲಾಯಿಸ್ಲಿಲ್ಲ, ಅಲೆಗೆ ಎದುರಾಗೇ ಹೋಗ್ತಾ ಇದ್ವಿ, ಐದು ನಿಮಿಷದ ಕೆಲಸ ತಾನೇ ಅಂತ.

ಬೋಸನ್ ಮತ್ತು ಒಬ್ಬ ಎಬಿ (ಅನುಭವಿ ಡೆಕ್ ನಾವಿಕ) ಹೋದ್ರು. ಬಾಗಿಲು ಬಿಗಿದಾಯ್ತು ಅಂತ ವಾಕಿಟಾಕಿಯಲ್ಲಿ ಹೇಳಿ ವಾಪಸ್ ಹೊರಟಿದ್ರು, ಅಷ್ಟರಲ್ಲಿ ಮೂತಿ ಒಂದು ಅಲೆಯ ಹಿಂದೆ ಇಳಿದಿದ್ದು ಮುಂದಿನದಕ್ಕೆ ಏಳಲೇ ಇಲ್ಲ. ಬಂದಿದ್ದು ನೊರೆ ಅಲ್ಲ, ಗಟ್ಟಿ ಹಸಿರು ನೀರು, ಒಂದು ಘನ ಮೀಟರ್‌ಗೆ ಒಂದು ಟನ್ ಮೇಲೆ ತೂಗುತ್ತೆ ಅದು. ಎಬಿ ರೇಲಿಂಗ್ ಹಿಡ್ಕೊಂಡು ಉಳಿದ. ಬೋಸನ್‌ನ ಎತ್ತಿ ಒಂದನೇ ಹ್ಯಾಚ್ ಕೋಮಿಂಗ್‌ಗೆ (ಸರಕು ತುಂಬೋ ಬಾಯಿಯ ಸುತ್ತಲಿನ ಕಬ್ಬಿಣದ ಗೋಡೆ) ಬಡೀತು, ತೊಡೆ ಮೂಳೆ ಮುರೀತು. ಹೆಲಿಕಾಪ್ಟರ್ ಬರೋ ದೂರದಲ್ಲಿ ನಾವಿರ್ಲಿಲ್ಲ. ಡಾಕ್ಟರ್ ಸ್ಯಾಟಲೈಟ್ ಫೋನ್‌ನಲ್ಲಿ ಹೇಳ್ತಾ ಹೋದ ಹಾಗೆ ಕಾಲಿಗೆ ಸ್ಪ್ಲಿಂಟ್ ಕಟ್ಟಿ, ನೋವಿಗೆ ಇಂಜೆಕ್ಷನ್ ಕೊಡ್ತಾ, ಹತ್ತಿರದ ಪೋರ್ಟ್‌ಗೆ ತಿರುಗಿಸಿದ್ವಿ. ಜೀವ ಉಳೀತು. ಆದ್ರೆ ಅವರು ಮತ್ತೆ ಹಡಗು ಹತ್ತಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೇನೇ ನಾನು ಒಪ್ಪಲ್ಲ. ‘ಇಷ್ಟು ಮೀಟರ್‌ವರೆಗೆ ಸೇಫ್’ ಅಂತ ಒಂದು ನಂಬರ್ ಇಲ್ಲ, ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅದೇ 4 ಮೀಟರ್ ಖಾಲಿ ಹಡಗಿಗೆ ಒಂದು ಥರ, ತುಂಬಿದ ಹಡಗಿಗೆ ಇನ್ನೊಂದು ಥರ, ಗಾಳಿಗೆ ಎದುರಾಗಿ ಸಮುದ್ರದ ನೀರಿನ ಸೆಳೆತ ಹರೀತಿದ್ರೆ ಅಲೆ ಕಡಿದಾಗಿ ಅದರ ಕಥೆಯೇ ಬೇರೆ. ಕೇಳಬೇಕಾದ್ದು ಇಷ್ಟೇ: ಈ ಕೆಲಸ ಈಗಲೇ ಆಗಬೇಕಾ? ಆಗಲೇಬೇಕು ಅಂದ್ರೆ ಮೊದಲು ಸ್ಪೀಡ್ ಇಳಿಸಿ, ಕೋರ್ಸ್ ತಿರುಗಿಸಿ, ಹೋಗೋ ಜಾಗಕ್ಕೆ ನೀರು ಬೀಳದ ಹಾಗೆ ಮಾಡಿ, ಹಗಲಲ್ಲಿ, ಹಾರ್ನೆಸ್ ಹಾಕಿಸಿ ಕಳಿಸಬೇಕು, ಅವರು ವಾಪಸ್ ಒಳಗೆ ಬರೋವರೆಗೂ ಕೋರ್ಸ್ ಮುಟ್ಟಬಾರದು. ಇದಕ್ಕೆ ಅರ್ಧ ಗಂಟೆ ಹೋಗುತ್ತೆ, ಹೋಗ್ಲಿ. ಸುರಕ್ಷತೆಗೆ ಅಂತ ಮಾಸ್ಟರ್ (ಕ್ಯಾಪ್ಟನ್) ತಗೊಳ್ಳೋ ತೀರ್ಮಾನಕ್ಕೆ ಕಂಪನಿ ಅಡ್ಡ ಬರೋ ಹಾಗಿಲ್ಲ ಅಂತ ಸೋಲಾಸ್ (ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ಐದನೇ ಅಧ್ಯಾಯದಲ್ಲೇ ಇದೆ. ನೀವು ಹೊಸಬರು, ಮುಂದಕ್ಕೆ ಹೋಗು ಅಂತ ಯಾರಾದ್ರೂ ಹೇಳಿದ್ರೆ ‘ಸರ್, ಸ್ಪೀಡ್ ಇಳಿಸಿದೀರಾ?’ ಅಂತ ಬಾಯಿ ಬಿಟ್ಟು ಕೇಳಿ, ಬೈದ್ರೆ ಬೈಸ್ಕೊಳ್ಳಿ.

ಆಪ್ ಯಾವುದಾದ್ರೂ ಇಟ್ಕೊಳ್ಳಿ, ನನಗೇನೂ ತಕರಾರಿಲ್ಲ, ಆದ್ರೆ ನ್ಯಾವ್‌ಟೆಕ್ಸ್ (ರೇಡಿಯೋದಲ್ಲಿ ಬರೋ ಹವಾಮಾನ, ಎಚ್ಚರಿಕೆ) ಮೆಸೇಜ್ ಓದೋದು, ಗಂಟೆಗೊಂದ್ಸಲ ಬ್ಯಾರೋಮೀಟರ್ ನೋಡಿ ಬರೆಯೋದು ಬಿಡಬೇಡಿ. ಆಪ್‌ನಲ್ಲಿ ಬಣ್ಣ ನೋಡೋ ಮೊದಲು ಆ ಡೇಟಾ ಎಷ್ಟು ಹೊತ್ತಿಗೆ ತಯಾರಾಗಿದ್ದು ಅಂತ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಟೈಮ್ ನೋಡಿ, ಡೌನ್‌ಲೋಡ್ ಆದ ಟೈಮ್ ಅಲ್ಲ. 2015ರಲ್ಲಿ ಎಲ್ ಫಾರೋ ಹಡಗು ಹರಿಕೇನ್ ವಾಕೀನ್‌ಗೆ ಸಿಕ್ಕಿ 33 ಜನ ಹೋದಾಗ ಕ್ಯಾಪ್ಟನ್ ನಂಬ್ಕೊಂಡಿದ್ದ ಮ್ಯಾಪ್‌ನಲ್ಲಿದ್ದ ಮಾಹಿತಿ ಎಷ್ಟೋ ಗಂಟೆ ಹಳೇದು, ಅದಕ್ಕಿಂತ ಹೊಸದು ಅದೇ ಬ್ರಿಜ್‌ನ ಸ್ಯಾಟ್-ಸಿ (ಸ್ಯಾಟಲೈಟ್ ಮೂಲಕ ಮೆಸೇಜ್ ಬರೋ ಯಂತ್ರ) ಪ್ರಿಂಟರ್‌ನಲ್ಲಿ ಬಂದಿತ್ತು.