ಗ್ರೇವ್ಸ್ ಎಂಬ ಥೈರಾಯ್ಡ್ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯ ಪ್ರತಿಕಾಯಗಳು ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡುವ ಬದಲು ಹೆಚ್ಚು ದುಡಿಸುವುದೇಕೆ?

ಅವು ಅಂಟಿಕೊಳ್ಳುವ ಜಾಗವೇ ಅಂಥದ್ದು. ಥೈರಾಯ್ಡ್ ಜೀವಕೋಶದ ಮೇಲ್ಮೈಯಲ್ಲಿ ಟಿಎಸ್‌ಎಚ್ ಗ್ರಾಹಕ ಎಂಬ ಪ್ರೋಟೀನ್ ಇದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಟಿಎಸ್‌ಎಚ್ ಎಂಬ ಹಾರ್ಮೋನು ಬಂದು ಅದಕ್ಕೆ ಅಂಟಿದಾಗ, ಥೈರಾಯ್ಡ್ ಹಾರ್ಮೋನು ತಯಾರಿಸಲು ಕೋಶಕ್ಕೆ ಸೂಚನೆ ಹೋಗುತ್ತದೆ. ಗ್ರೇವ್ಸ್‌ನ ಪ್ರತಿಕಾಯವೂ ಅಲ್ಲಿಗೇ ಅಂಟಿ ಅದೇ ಸೂಚನೆ ಹೊರಡಿಸುತ್ತದೆ.

ನಿಜವಾದ ತೊಡಕು ಇರುವುದು ಇದರ ಮುಂದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಪಿಟ್ಯುಟರಿ ತನ್ನ ಟಿಎಸ್‌ಎಚ್ ಕಡಿಮೆ ಮಾಡುತ್ತದೆ. ಪ್ರತಿಕಾಯಕ್ಕೆ ಆ ಕಡಿವಾಣವಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಟಿಎಸ್‌ಎಚ್ ತೀರಾ ಕಡಿಮೆ ಕಂಡರೂ ಗ್ರಂಥಿ ದುಡಿಯುತ್ತಲೇ ಇರುತ್ತದೆ. ಥೈರಾಯ್ಡಿನದೇ ಇನ್ನೊಂದು ಕಾಯಿಲೆಯಾದ ಹಶಿಮೊಟೊದ ಕತೆ ಬೇರೆ, ಅಲ್ಲಿ ಥೈರಾಯ್ಡ್ ಕೋಶಗಳೇ ನಾಶವಾಗುತ್ತವೆ.

ಅಂದಹಾಗೆ, ಗರ್ಭಿಣಿಯ ರಕ್ತದಲ್ಲಿರುವ ಈ ಪ್ರತಿಕಾಯಗಳು ಮಾಸನ್ನು ದಾಟಿ ಮಗುವನ್ನೂ ಸೇರಬಲ್ಲವು. ಅವು ಕರಗುವವರೆಗೆ ಹಸುಗೂಸಿನ ಥೈರಾಯ್ಡ್ ಕೂಡ ಅತಿಯಾಗಿ ಕೆಲಸ ಮಾಡಬಹುದು.