475 ವರ್ಷ ಎಂದರೆ ಸರದಿಯ ಲೆಕ್ಕವಲ್ಲ
ದಾವಣಗೆರೆಯ ಎರೆಭೂಮಿಯಲ್ಲಿ ಮನೆ ಕಟ್ಟಿಸುತ್ತಿರುವ ನೀವು, ‘475 ವರ್ಷಕ್ಕೊಮ್ಮೆಯ ಭೂಕಂಪನ’ ಎಂದರೆ ನಮ್ಮ ಕಾಲಕ್ಕೆ ಬಾರದು ತಾನೇ ಎಂದು ಕೇಳಿದ್ದೀರಿ. ಹಾಗಲ್ಲ ಸರ್. ಅಷ್ಟು ಅಥವಾ ಅದಕ್ಕೂ ಮೀರಿದ ಅಲುಗಾಟ 50 ವರ್ಷದೊಳಗೆ ಆಗುವ ಸಾಧ್ಯತೆ ಶೇ 10 ಎಂದರ್ಥ, ನಾಳೆಯೂ ಆಗಬಹುದು. ಭೂಕಂಪ ವಲಯಗಳ ನಕ್ಷೆಯಲ್ಲಿ ನಿಮ್ಮದು ಕಡಿಮೆ ಅಪಾಯದ ವಲಯ ಎಂದು ನಿಶ್ಚಿಂತರಾಗಬೇಡಿ. 1993ರ ಭೂಕಂಪದಲ್ಲಿ ನಲುಗಿದ ಮಹಾರಾಷ್ಟ್ರದ ಲಾತೂರ್ ಭಾಗವೂ ಆಗಿನ ನಕ್ಷೆಯಲ್ಲಿ ಹಾಗೆಯೇ ಇತ್ತು.

ಆ ಅಲುಗಾಟ ಎಷ್ಟು ಜೋರು ಎಂಬ ಅಂಕಿಯನ್ನು ಸಾಮಾನ್ಯವಾಗಿ ಗಟ್ಟಿ ಬಂಡೆಗೆಂದು ಲೆಕ್ಕ ಹಾಕುತ್ತಾರೆ. ಚಿತ್ರದುರ್ಗದ ಕೋಟೆಯ ಬಂಡೆಗಾದರೆ ಸರಿ; ನಿಮ್ಮದು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲ. ಮೆತ್ತನೆಯ ಮಣ್ಣು ಆಳವಾಗಿದ್ದಷ್ಟೂ ಅಲುಗಾಟ ಹಿಗ್ಗಬಹುದು. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಆಮೇಲೆ ಕಂಬದ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಗಳನ್ನು 135 ಡಿಗ್ರಿಗೆ ಒಳಮುಖವಾಗಿ ಬಗ್ಗಿಸಿದ್ದಾರೆಯೇ ಎಂದು ನೀವೇ ನಿಂತು ನೋಡಿ. ಅವಸರದಲ್ಲಿ 90ಕ್ಕೇ ಬಿಟ್ಟುಬಿಡುತ್ತಾರೆ.