"ಇದು ಯಾರು ಹೇಳಮ್ಮ" ಅಂತ ಕೇಳಬೇಡಿ

ಪ್ರಶ್ನೆ: ನನ್ನ ಅಮ್ಮನಿಗೆ 81 ವರ್ಷ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ. ಒಂದು ವರ್ಷದಿಂದ ಹಿರಿಯರ ಆರೈಕೆ ಕೇಂದ್ರದಲ್ಲಿದ್ದಾರೆ. ಊಟ, ಔಷಧಿಗೆ ಏನೂ ಕೊರತೆ ಇಲ್ಲ. ಆದರೆ ದಿನವಿಡೀ ಸುಮ್ನೆ ಕಿಟಕಿ ನೋಡುತ್ತಾ ಕೂತಿರುತ್ತಾರೆ. ನಾನು ಹೋದಾಗ ಆಲ್ಬಂ ತೋರಿಸಿ "ಇದು ಯಾರು ಹೇಳಮ್ಮ" ಅಂತ ಕೇಳುತ್ತೇನೆ. ಮುಖ ಸಪ್ಪಗಾಗುತ್ತದೆ, ಹೋದ ವಾರ ಅತ್ತೇಬಿಟ್ಟರು. ಅಲ್ಲಿನ ಚಿತ್ರಕಲೆ ತರಗತಿಗೆ ಕೂರಿಸಿದರೆ "ನನಗೆ ಬರಲ್ಲ" ಅಂತ ಎದ್ದು ಬರುತ್ತಾರೆ. ಏನು ಮಾಡಲಿ?

ಉತ್ತರ: ಆಲ್ಬಂ ತೆಗೆದುಕೊಂಡು ಹೋಗಿದ್ದು ತಪ್ಪಲ್ಲ. ಎಡವಟ್ಟಾಗಿದ್ದು ಆ ಪ್ರಶ್ನೆಯಿಂದ. "ಇದು ಯಾರು" ಅನ್ನುವುದು ಅವರಿಗೆ ಪರೀಕ್ಷೆ, ಅದರಲ್ಲಿ ಪ್ರತಿ ವಾರ ಫೇಲ್ ಆಗುತ್ತಿದ್ದೇನೆ ಅನ್ನುವುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಉತ್ತರವನ್ನು ನೀವೇ ಹೇಳಿಬಿಡಿ. "ಇಲ್ಲಿ ನೋಡಮ್ಮ, ನೀನೂ ಚಿಕ್ಕಮ್ಮನೂ ಎಷ್ಟು ನಗ್ತಾ ಇದ್ದೀರ" ಅನ್ನಿ, ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹದಿನೈದರವರೆಗೆ ಎಣಿಸಿ. ಅವರ ಮಾತು ಹೊರಬರೋಕೆ ಅಷ್ಟು ಹೊತ್ತು ಬೇಕು, ನಾವು ಅಷ್ಟರೊಳಗೆ ಮುಂದಿನ ಪುಟ ತಿರುಗಿಸಿರುತ್ತೇವೆ.

ಆಲ್ಬಂನಲ್ಲಿ ಇರುವುದು ಯಾವ ಕಾಲದ ಫೋಟೊ ಅನ್ನುವುದನ್ನೂ ನೋಡಿ. ಮೊಮ್ಮಕ್ಕಳದ್ದೇ ಜಾಸ್ತಿ ಅಲ್ವಾ? ಸಾಮಾನ್ಯವಾಗಿ ಹೊಸದು ಮೊದಲು ಅಳಿಸಿಹೋಗುತ್ತದೆ. ವಯಸ್ಸಾದ ಯಾರಿಗೇ ಆಗಲಿ, ಸುಮಾರು 10ರಿಂದ 30 ವರ್ಷದವರೆಗಿನ ನೆನಪುಗಳೇ ದಟ್ಟವಾಗಿರುತ್ತವೆ. ಶಾಲೆ, ಗೆಳತಿಯರು, ಮೊದಲ ಕೆಲಸ, ಆಗ ಬಾಯಲ್ಲಿದ್ದ ಹಾಡು. ಅಲ್ಲಿಂದ ಶುರು ಮಾಡಿ.

ಒಂದು ಕಾಲದಲ್ಲಿ ಮುದುಕರು ಹಳೆಯದನ್ನೇ ಹೇಳುತ್ತಾ ಕೂತರೆ ಅರಳುಮರಳು ಅನ್ನುತ್ತಿದ್ದರು, ಡಾಕ್ಟರುಗಳು ಕೂಡ. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ, ಅದು ಮನುಷ್ಯ ತನ್ನ ಬದುಕನ್ನು ತಾನೇ ತಿರುಗಿ ನೋಡಿಕೊಳ್ಳುವ ಸಹಜ ಕೆಲಸ ಅಂತ ಬರೆದರು. ನೆನಪುಗಳನ್ನು ಬಳಸುವ ಈಗಿನ ಪದ್ಧತಿಗಳು ಬೆಳೆದಿದ್ದು ಹೆಚ್ಚಾಗಿ ಅದರ ನಂತರವೇ. ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. 2018ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಈ ಪದ್ಧತಿಗಳ ಬಗ್ಗೆ ನಡೆದ 22 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡ ಲಾಭ ಸಣ್ಣದು, ಒಂದೊಂದು ಕಡೆ ಒಂದೊಂದು ಥರ. ಆದರೆ ಆರೈಕೆ ಕೇಂದ್ರಗಳಲ್ಲಿ ಇರುವವರ ಬದುಕಿನ ಗುಣಮಟ್ಟ ಸುಧಾರಿಸಿದ್ದು ಕಂಡಿತು. ನಿಮ್ಮ ಅಮ್ಮ ಇರುವುದು ಅಲ್ಲೇ ತಾನೆ?

ನನ್ನ ಅನುಭವದಲ್ಲಿ ಫೋಟೊಗಿಂತ ಕೈಗೆ ಸಿಗುವ ವಸ್ತು ದೊಡ್ಡದು. ಟೈಲರ್ ಆಗಿದ್ದ ಒಬ್ಬ ಅಜ್ಜ ದಿನಗಟ್ಟಲೆ ಮಾತಾಡಿರಲಿಲ್ಲ. ಒಂದು ತಗಡಿನ ಡಬ್ಬಿ ತುಂಬಾ ಗುಂಡಿ ತಂದು ಅವರ ಮುಂದೆ ಸುರಿದೆ, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ತೂತಿನ ಒಂದು ಕಂದು ಗುಂಡಿ ಎತ್ತಿಕೊಂಡರು. ಹೆಬ್ಬೆರಳಿನಿಂದ ಅಂಚು ಸವರಿದರು, ನನ್ನ ತೋಳಿನ ಪಟ್ಟಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. "ಇದು ಕೋಟಿಂದು. ಶರ್ಟಿಗೆ ದಪ್ಪ ಆಯ್ತು." ಆಮೇಲೆ ಅರ್ಧ ಗಂಟೆ, ಕೋಟಿನವು ಒಂದು ಕಡೆ, ಶರ್ಟಿನವು ಒಂದು ಕಡೆ. ಕೈಗೆ ರೂಢಿಯಾದ ಕೆಲಸವನ್ನು ಮೆದುಳು ಇಟ್ಟುಕೊಳ್ಳುವ ಜಾಗವೇ ಬೇರೆ, ಹೆಸರು, ಮುಖ ಮರೆತ ಮೇಲೂ ಅದು ಬಹಳ ದಿನ ಉಳಿಯುತ್ತದೆ.

ಇನ್ನು ಚಿತ್ರಕಲೆ. "ನನಗೆ ಬರಲ್ಲ" ಅನ್ನುವವರಲ್ಲಿ ಬಹಳ ಜನರಿಗೆ ಖಾಲಿ ಹಾಳೆ ಕಂಡರೆ ಭಯ. ಹಾಗಂತ ಚಿಕ್ಕ ಮಕ್ಕಳ ಬಣ್ಣ ತುಂಬುವ ಪುಸ್ತಕ ಮಾತ್ರ ಕೊಡಬೇಡಿ, ಅದು ಅವಮಾನ. ಹಾಳೆಯನ್ನು ಮೊದಲೇ ಒದ್ದೆ ಮಾಡಿ ಒಂದು ಹನಿ ನೀಲಿ ನೀವೇ ಬಿಡಿ, ಅದು ಹರಡುವುದನ್ನು ಇಬ್ಬರೂ ನೋಡಿ, ಬ್ರಷ್ ಅವರ ಕೈಗೆ ಎಟುಕುವ ಹಾಗೆ ಇಡಿ. ಬಣ್ಣ ಎರಡೇ ಸಾಕು. ಬ್ರಷ್ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬೆರಳಿಗೆ ಸುಲಭ. ಎಲೆಗೆ ಬಣ್ಣ ಹಚ್ಚಿ ಅಚ್ಚೊತ್ತಬಹುದು, ಬಣ್ಣದ ಕಾಗದ ಹರಿದು ಅಂಟಿಸಬಹುದು. "ಇದೇನು ಬರೆದಿದ್ದು?" ಅಂತ ಮಾತ್ರ ಕೇಳಬೇಡಿ, ಮತ್ತೆ ಪರೀಕ್ಷೆ ಆಗುತ್ತದೆ.

ಕಥೆ ಕಟ್ಟುವುದು ಇನ್ನೊಂದು ದಾರಿ. ಅಮೆರಿಕದಲ್ಲಿ ಆನ್ ಬಾಸ್ಟಿಂಗ್ ಅನ್ನುವವರು 1990ರ ದಶಕದಲ್ಲಿ ಇದನ್ನು ಶುರು ಮಾಡಿದರು. ಒಂದು ವಿಚಿತ್ರ ಚಿತ್ರ ತೋರಿಸಿ "ಇಲ್ಲಿ ಏನಾಗ್ತಿರಬಹುದು?" ಅಂತ ಕೇಳುವುದು, ಹೇಳಿದ ಪ್ರತಿ ಮಾತನ್ನೂ ಹಾಗೇ ಬರೆದುಕೊಂಡು ಮತ್ತೆ ಓದಿ ಹೇಳುವುದು. ತಪ್ಪು ಉತ್ತರ ಅನ್ನುವುದೇ ಇಲ್ಲ. ನೆನಪು ಕೈಕೊಟ್ಟವರಿಗೆ ಇದು ಎಂಥ ಬಿಡುಗಡೆ ಅಂತ ಎದುರಿಗೆ ಕೂತು ನೋಡಬೇಕು.

ಅತ್ತರೆ ಗಾಬರಿಯಾಗಬೇಡಿ. "ಅಳಬೇಡ" ಅನ್ನುವ ಬದಲು ಕೈ ಹಿಡಿದುಕೊಂಡು "ತುಂಬಾ ಇಷ್ಟ ಇತ್ತಲ್ವಾ ನಿಂಗೆ" ಅನ್ನಿ. ಅದೇ ವಿಷಯಕ್ಕೆ ಪದೇ ಪದೇ ಅಳು ಬಂದರೆ ಅದನ್ನು ಬಿಟ್ಟುಬಿಡಿ, ಸಿಬ್ಬಂದಿಗೂ ತಿಳಿಸಿ. ಇಡೀ ದಿನ ಸುಮ್ಮನೆ ಕೂತಿರುವುದಕ್ಕೆ ಖಿನ್ನತೆಯೋ, ಕಿವಿ ಕೇಳಿಸದಿರುವುದೋ ಕಾರಣ ಇರಬಹುದು, ಅದನ್ನೂ ಡಾಕ್ಟರ ಹತ್ತಿರ ತೋರಿಸಿ.

ನೀವು ಬಂದು ಹೋಗಿದ್ದು ಸಂಜೆಗೆ ಅವರಿಗೆ ನೆನಪಿರುವುದಿಲ್ಲ, ಆದರೂ ಹೋಗಿ. ಮೆದುಳಿನಲ್ಲಿ ನೆನಪಿನ ಭಾಗಕ್ಕೆ ಪೆಟ್ಟಾದವರಿಗೆ ಸಿನಿಮಾ ತುಣುಕು ತೋರಿಸಿದ ಒಂದು ಅಧ್ಯಯನ 2010ರಲ್ಲಿ ಬಂತು. ನೋಡಿದ್ದು ಮರೆತುಹೋದರೂ ಅದರ ಖುಷಿ, ದುಃಖ ಮನಸ್ಸಿನಲ್ಲಿ ಉಳಿದಿತ್ತು.

ಅಮ್ಮ ಮೊದಲು ಏನು ಕೆಲಸ ಮಾಡುತ್ತಿದ್ದರು, ಬಿಡುವಿನಲ್ಲಿ ಅವರ ಕೈಯಲ್ಲಿ ಏನಿರುತ್ತಿತ್ತು ಅಂತ ನೀವು ಬರೆದಿಲ್ಲ. ಅದನ್ನು ಒಂದು ಹಾಳೆಯಲ್ಲಿ ಬರೆದು ಅಲ್ಲಿನ ಸಿಬ್ಬಂದಿಗೆ ಕೊಡಿ. ನನಗೂ ಬರೆಯಿರಿ, ಅವರ ಮುಂದೆ ಯಾವ ಡಬ್ಬಿ ತೆರೆಯಬಹುದು ಅಂತ ಆಗ ನೋಡೋಣ.